ವರ್ತಕರ ಕೂಟವೂ ದಂಪತಿಗಳ ಕೂಟವೂ: ಮಿತಾಕ್ಷರೆಯ ಸಾಕ್ಷ್ಯ

ಪ್ರಾಚೀನ ಧರ್ಮಶಾಸ್ತ್ರಕಾರರು ರಾಜಸಭೆಯಲ್ಲಿ ವಿಚಾರಣೆಗೆ ಬರತಕ್ಕ ವಿವಾದಗಳನ್ನು ಹದಿನೆಂಟು ಬಗೆಯಾಗಿ ವಿಂಗಡಿಸಿ, ಅವಕ್ಕೆ ವ್ಯವಹಾರಪದಗಳೆಂದು ಹೆಸರಿಟ್ಟರು. ಮನುಸ್ಮೃತಿಯ ಪಟ್ಟಿಯಲ್ಲಿ ನಾಲ್ಕನೆಯದು ಸಂಭೂಯಸಮುತ್ಥಾನ; ಎಂದರೆ ಹಲವರು ಕೂಡಿ ಬಂಡವಾಳ ಹೂಡಿ ನಡೆಸುವ ಉದ್ಯಮ. ಹದಿನಾರನೆಯದು ಸ್ತ್ರೀಪುಂಧರ್ಮ, ಎಂದರೆ ಗಂಡಹೆಂಡಿರು ಒಬ್ಬರಿಗೊಬ್ಬರು ನಡೆದುಕೊಳ್ಳಬೇಕಾದ ರೀತಿ. ಒಂದು ಅಂಗಡಿಯ ಮಾತು, ಮತ್ತೊಂದು ಅಂತಃಪುರದ ಮಾತು. ಲಾಭವನ್ನರಸುವ ವರ್ತಕನಿಗೂ ಅನುರಾಗದಿಂದ ಕೂಡಿದ ದಂಪತಿಗಳಿಗೂ ಸಾಮ್ಯವೆಲ್ಲಿಯದೆಂದು ಸಾಹಿತ್ಯಪ್ರಿಯರಿಗೆ ತೋರುವುದು ಸಹಜವೇ. ಆದರೆ ಇವೆರಡನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಿದ ಶಾಸ್ತ್ರಕಾರರಿಗೆ ಎರಡೂ ಕಡೆ ತಲೆದೋರುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಆಗಿದ್ದುವು: ಯಾರನ್ನು ನಂಬಬೇಕು? ಕೂಡುವ ಮುನ್ನ ಏನನ್ನು ತಿಳಿಸಬೇಕು? ನಷ್ಟ ಬಂದರೆ ಯಾರು ಹೊರಬೇಕು? ಒಬ್ಬನು ಮೋಸ ಮಾಡಿದರೆ, ಅಥವಾ ಬಿಟ್ಟುಹೋದರೆ, ಉಳಿದವರ ಗತಿಯೇನು? ಈ ಪ್ರಶ್ನೆಗಳಿಗೆ ಕನ್ನಡ ನಾಡಿನಲ್ಲಿಯೇ ಹುಟ್ಟಿದ ಒಂದು ಮಹಾಗ್ರಂಥವು ಕೊಡುವ ಉತ್ತರಗಳನ್ನು ಒತ್ತಟ್ಟಿಗಿಟ್ಟು ನೋಡಿದರೆ, ಸಾಮ್ಯವೆಷ್ಟು, ಭೇದವೆಷ್ಟು, ಆ ಭೇದದ ಭಾರವು ಯಾರ ಮೇಲೆ ಬಿದ್ದಿತು ಎಂಬುದು ಸ್ಪಷ್ಟವಾಗುವುದು.

ಆ ಗ್ರಂಥವು ಯಾಜ್ಞವಲ್ಕ್ಯಸ್ಮೃತಿಗೆ ವಿಜ್ಞಾನೇಶ್ವರನು ಬರೆದ ಮಿತಾಕ್ಷರಾ ಎಂಬ ವ್ಯಾಖ್ಯಾನ. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ (೧೦೭೬–೧೧೨೬), ಅವನ ರಾಜಧಾನಿಯಾದ ಕಲ್ಯಾಣದಲ್ಲಿ ಇದು ರಚಿತವಾಯಿತು. ಗ್ರಂಥಾಂತ್ಯದ ಪದ್ಯಗಳಲ್ಲಿ ಆ ನಗರವನ್ನೂ ಆ ಅರಸನನ್ನೂ ಹೊಗಳಲಾಗಿದೆ. ೧೮೧೦ರಲ್ಲಿ ಕೋಲ್‌ಬ್ರೂಕನು ಇದರ ದಾಯವಿಭಾಗ ಪ್ರಕರಣವನ್ನು ಇಂಗ್ಲಿಷಿಗೆ ಪರಿವರ್ತಿಸಿ ಪ್ರಕಟಿಸಿದ ಬಳಿಕ ಮಿತಾಕ್ಷರೆಯು ಮುಖ್ಯವಾಗಿ ಪಿತ್ರಾರ್ಜಿತದ ಪಾಲಿನ ಪ್ರಮಾಣಗ್ರಂಥವೆಂದು ಪ್ರಸಿದ್ಧವಾಯಿತು. ಇದರಿಂದ ಅದರ ಋಣಾದಾನ, ಸಂಭೂಯಸಮುತ್ಥಾನ, ವಿವಾಹ ಮುಂತಾದ ಪ್ರಕರಣಗಳ ಕಡೆಗೆ ದೃಷ್ಟಿ ಹರಿದದ್ದು ಕಡಿಮೆ. ಪ್ರಕೃತ ವಿಷಯಕ್ಕೆ ಬೇಕಾದ ಸಾಮಗ್ರಿಯಾದರೋ ಈ ಪ್ರಕರಣಗಳಲ್ಲಿಯೇ ಇದೆ.

ವಿಜ್ಞಾನೇಶ್ವರನ ಕಾಲವು ಕನ್ನಡ ವರ್ತಕರ ಪಾಲಿಗೆ ಉತ್ಕರ್ಷದ ಕಾಲ. ಅಯ್ಯಾವೊಳೆಯ ಐನೂರ್ವರೆಂಬ ವರ್ತಕ ಸಂಘದ ಶಾಸನಗಳು ಕನ್ನಡ, ತೆಲುಗು, ತಮಿಳು ನಾಡುಗಳಲ್ಲೆಲ್ಲ ದೊರೆತಿವೆ. ಸುಮಾತ್ರಾ ದ್ವೀಪದ ಬಾರೂಸಿನಲ್ಲಿ ದೊರೆತ ೧೦೮೮ರ ತಮಿಳು ಶಾಸನದಲ್ಲಿಯೂ ಐನೂರ್ವರ ಹೆಸರಿದೆ. ಹೀಗೆ ಸಮುದ್ರವನ್ನು ದಾಟಿಹೋಗುವ ಸರಕನ್ನು ಒಬ್ಬನೇ ಹೊಂದಿಸುವುದು ಕಷ್ಟ. ಹಲವರ ಹಣವು ಒಬ್ಬನ ಕೈಯಲ್ಲಿ, ಕಣ್ಣಿಗೆ ಕಾಣದಷ್ಟು ದೂರದಲ್ಲಿ, ತಿಂಗಳುಗಟ್ಟಲೆ ಇರಬೇಕಾಗುತ್ತಿತ್ತು. ಆದಕಾರಣ ಪಾಲುಗಾರಿಕೆಯ ಧರ್ಮವು ಆ ಕಾಲಕ್ಕೆ ಬರಿಯ ಪುಸ್ತಕದ ವಿಷಯವಾಗಿರಲಿಲ್ಲ.

ವರ್ತಕ ಸಂಘಕ್ಕೆ ಶಾಸನಗಳಲ್ಲಿ ಬಳಕೆಯಾಗುವ ಹೆಸರುಗಳಲ್ಲಿ 'ಸಮಯ' ಎಂಬುದೊಂದು. ಒಡಂಬಡಿಕೆ, ಕಟ್ಟಳೆ ಎಂಬುದು ಈ ಪದದ ಮೂಲಾರ್ಥ. ಕಟ್ಟಳೆಗೆ ಒಪ್ಪಿ ಕೂಡಿದವರ ಕೂಟಕ್ಕೂ ಅದೇ ಹೆಸರಾಯಿತು. ಯಾಜ್ಞವಲ್ಕ್ಯನು ಎಂಟು ಬಗೆಯ ವಿವಾಹಗಳನ್ನು ಹೇಳುವಾಗ, ಗಾಂಧರ್ವವು ವಧೂವರರ ಪರಸ್ಪರ ಸಮಯದಿಂದ ಆಗುವುದೆಂದು ಅದೇ ಪದವನ್ನು ಬಳಸಿದ್ದಾನೆ. ಅಲ್ಲಿ ವಿಜ್ಞಾನೇಶ್ವರನು ಕೊಡುವ ವಿವರಣೆಯು ಗಮನಾರ್ಹ: ಈ ವಿವಾಹವು ಪರಸ್ಪರಾನುರಾಗದಿಂದ ಆಗುತ್ತದೆ ಎನ್ನುತ್ತಾನೆ. ಮೂಲದಲ್ಲಿ ಒಡಂಬಡಿಕೆ ಎಂದಿರುವುದು ವ್ಯಾಖ್ಯಾನದಲ್ಲಿ ಅನುರಾಗವಾಯಿತು. ಪ್ರೀತಿಯೆಂಬುದು ತಾನೇ ಒಂದು ಒಪ್ಪಂದವೆಂದೂ, ಒಪ್ಪಂದವು ನಿಲ್ಲಬೇಕಾದರೆ ಮನಸ್ಸು ಕೂಡಿರಬೇಕೆಂದೂ ಆ ವ್ಯಾಖ್ಯಾನಕಾರನಿಗೆ ತಿಳಿದಿದ್ದಿತು.

ಕೂಡುವುದಕ್ಕೆ ಮೊದಲು ಮಾಡತಕ್ಕ ಪರೀಕ್ಷೆಯಲ್ಲಿ ಈ ಸಾಮ್ಯವು ಇನ್ನೂ ಎದ್ದು ಕಾಣುತ್ತದೆ. ಕುಲೀನ, ದಕ್ಷ, ಆಲಸ್ಯವಿಲ್ಲದವ, ನಾಣ್ಯವನ್ನೂ ಆಯವ್ಯಯವನ್ನೂ ಬಲ್ಲವ, ಶುಚಿ, ಧೀರ, ಇಂಥವನೊಡನೆ ಮಾತ್ರ ಕೂಡಿ ವ್ಯಾಪಾರ ಮಾಡಬೇಕೆಂದು ಬೃಹಸ್ಪತಿಸ್ಮೃತಿಯು ಹೇಳುತ್ತದೆ. ಅಶಕ್ತ, ಆಲಸಿ, ರೋಗಿ, ನಿರ್ಧನ, ಇವರೊಡನೆ ಬೇಡವೆನ್ನುತ್ತದೆ. ಯಾಜ್ಞವಲ್ಕ್ಯನು ವರನ ಲಕ್ಷಣವನ್ನು ಹೇಳುವ ಕ್ರಮವೂ ಇಂಥದೇ: ಅವನು ಯುವಕನೂ ಬುದ್ಧಿವಂತನೂ ಜನರಿಗೆ ಪ್ರಿಯನೂ ಆಗಿರಬೇಕು, ಅವನ ಪುರುಷತ್ವವು ಯತ್ನಪೂರ್ವಕವಾಗಿ ಪರೀಕ್ಷಿತವಾಗಿರಬೇಕು.

ದೋಷವನ್ನು ಮುಚ್ಚಿಡುವುದು ಎರಡೆಡೆಯೂ ಅಪರಾಧ. ಕೆಟ್ಟ ಸರಕನ್ನು ಒಳ್ಳೆಯದೆಂದು ಮಾರಿದವನಿಗೆ ಬೆಲೆಯ ಎರಡರಷ್ಟು ದಂಡ. ಕನ್ಯೆಯ ದೋಷವನ್ನು ಹೇಳದೆ ಕೊಟ್ಟವನಿಗೆ ಉತ್ತಮಸಾಹಸವೆಂಬ ಅತ್ಯಧಿಕ ದಂಡ. ಕನ್ಯೆಯನ್ನು ಕೊಡುವುದಾಗಿ ಮಾತುಕೊಟ್ಟು ಹಿಂತೆಗೆದವನು ದಂಡವನ್ನು ತೆರುವುದಲ್ಲದೆ, ವರನ ಕಡೆಯವರಿಗೆ ಆದ ವೆಚ್ಚವನ್ನು ಬಡ್ಡಿಸಹಿತ ತುಂಬಿಕೊಡಬೇಕು. ನಿಶ್ಚಿತಳಾದ ಕನ್ಯೆಯು ಮದುವೆಗೆ ಮೊದಲೇ ತೀರಿಕೊಂಡರೆ, ವರನು ಎರಡು ಕಡೆಯ ವೆಚ್ಚವನ್ನೂ ಕಳೆದು ತಾನು ಕೊಟ್ಟಿದ್ದರಲ್ಲಿ ಉಳಿದುದನ್ನು ಹಿಂದಕ್ಕೆ ಪಡೆಯಬಹುದು. ದುಃಖದ ಮನೆಯಲ್ಲಿಯೂ ಲೆಕ್ಕವು ನಡೆಯಿತು. ಇದನ್ನು ನಿಷ್ಠುರವೆನ್ನುವವರು ಒಂದಂಶವನ್ನು ನೆನೆಯಬೇಕು: ಲೆಕ್ಕವು ಮೊದಲೇ ಗೊತ್ತಾಗಿದ್ದ ಕಡೆ ದುಃಖದ ಮೇಲೆ ಜಗಳವು ಹೊರೆಯಾಗದು. ಆದರೆ ಇಲ್ಲಿಯೇ ಒಂದು ಭೇದವೂ ಇಣುಕುತ್ತದೆ. ವರ್ತಕರ ಒಪ್ಪಂದದಲ್ಲಿ ಕೂಡುವವರೇ ಮಾತಾಡುತ್ತಾರೆ. ವಿವಾಹದ ಈ ನಿಯಮಗಳಲ್ಲಿ ಮಾತಾಡುವವರು ಕೊಡುವವನೂ ಕೊಳ್ಳುವವನೂ. ಕನ್ಯೆಯ ಒಪ್ಪಿಗೆಯ ಪ್ರಸ್ತಾಪವು ಗಾಂಧರ್ವದಲ್ಲಿ ಹೊರತು ಕಾಣದು.

ಕೂಡಿದ ಮೇಲೆ ನಡೆಯಬೇಕಾದ ಕ್ರಮವನ್ನು ವರ್ತಕರ ವಿಷಯದಲ್ಲಿ ಯಾಜ್ಞವಲ್ಕ್ಯನು ಕೆಲವೇ ಶ್ಲೋಕಗಳಲ್ಲಿ ಅಡಕಮಾಡಿದ್ದಾನೆ. ಲಾಭನಷ್ಟಗಳು ಹೂಡಿದ ದ್ರವ್ಯಕ್ಕೆ ತಕ್ಕಂತೆ, ಇಲ್ಲವೆ ಮೊದಲು ಮಾಡಿಕೊಂಡ ಒಡಂಬಡಿಕೆಯಂತೆ ಹಂಚಿಕೆಯಾಗಬೇಕು. ಉಳಿದವರು ಬೇಡವೆಂದುದನ್ನು ಮಾಡಿ, ಅವರು ಹೇಳದೆ ಇದ್ದುದನ್ನು ಮಾಡಿ, ಅಥವಾ ಅಜಾಗರೂಕತೆಯಿಂದ, ಒಬ್ಬನು ನಷ್ಟವನ್ನುಂಟುಮಾಡಿದರೆ ಅದನ್ನು ಅವನೇ ತುಂಬಿಕೊಡಬೇಕು. ವಿಪತ್ಕಾಲದಲ್ಲಿ ಎಲ್ಲರ ಸರಕನ್ನು ಉಳಿಸಿದವನಿಗೆ ಅದರ ಹತ್ತನೆಯ ಒಂದು ಪಾಲು ಸಲ್ಲಬೇಕು. ವಂಚಕನನ್ನು ಲಾಭವನ್ನು ಕೊಡದೆ ಹೊರಗೆ ಹಾಕಬೇಕು. ತಾನೇ ಕೆಲಸ ಮಾಡಲಾರದವನು ಬೇರೊಬ್ಬನಿಂದ ಮಾಡಿಸಬೇಕು. ಪರದೇಶಕ್ಕೆ ಹೋದವನು ಅಲ್ಲಿಯೇ ಸತ್ತರೆ ಅವನ ದ್ರವ್ಯವು ವಾರಸುದಾರರಿಗೆ, ಬಂಧುಗಳಿಗೆ, ಇಲ್ಲವೆ ಹಿಂದಿರುಗಿ ಬಂದ ಜೊತೆಗಾರರಿಗೆ ಸೇರಬೇಕು. ಯಾರೂ ಇಲ್ಲದಿದ್ದರೆ ಅರಸನಿಗೆ. ಇದೇ ವಿಧಿಯು ಋತ್ವಿಜರಿಗೂ ಒಕ್ಕಲಿಗರಿಗೂ ಕುಶಲಕರ್ಮಿಗಳಿಗೂ ಅನ್ವಯಿಸುತ್ತದೆ. ಯಜ್ಞಶಾಲೆಯಿಂದ ಹೊಲದವರೆಗೆ ಕೂಡಿ ದುಡಿಯುವವರೆಲ್ಲರಿಗೂ ಸಲ್ಲುವ ಈ ಧರ್ಮವನ್ನು ಗಂಡಹೆಂಡಿರಿಗೆ ಮಾತ್ರ ಅನ್ವಯಿಸಿ ಹೇಳಿಲ್ಲ.

ಹಾಗೆಂದು ಹೆಂಡತಿಯು ಮನೆಯ ವ್ಯವಹಾರಕ್ಕೆ ಹೊರಗಾಗಿದ್ದಳೆಂದು ತಿಳಿಯಲಾಗದು. ಧನವನ್ನು ಸಂಗ್ರಹಿಸುವುದರಲ್ಲಿಯೂ ವೆಚ್ಚಮಾಡುವುದರಲ್ಲಿಯೂ ಅವಳನ್ನು ನಿಯೋಜಿಸಬೇಕೆಂದು ಮನುವು ವಿಧಿಸಿದ್ದಾನೆ. ಅನುರಾಗಶಾಸ್ತ್ರವನ್ನೇ ಬರೆಯಹೊರಟ ವಾತ್ಸ್ಯಾಯನನೂ ಕಾಮಸೂತ್ರದ ಭಾರ್ಯಾಧಿಕಾರಿಕದಲ್ಲಿ ಮನೆಯೊಡತಿಯನ್ನು ಚಿತ್ರಿಸುವಾಗ ಲೆಕ್ಕದ ವಿಷಯವನ್ನು ಬಿಡಲಿಲ್ಲ. ವರ್ಷದ ಆದಾಯವನ್ನು ಎಣಿಸಿ ಅದಕ್ಕೆ ತಕ್ಕಂತೆ ವೆಚ್ಚಮಾಡುವವಳು ಅವಳು. ಗಂಡನ ಐಶ್ವರ್ಯವನ್ನೂ ಗುಟ್ಟನ್ನೂ ಪರರಿಗೆ ಹೇಳದವಳು ಅವಳು. ಗಂಡನು ಪ್ರವಾಸದಲ್ಲಿರುವಾಗ ಅವನು ತೊಡಗಿದ ಕೆಲಸಗಳನ್ನು ಮುಗಿಸುವುದು, ನಂಬುಗೆಯ ಆಳುಗಳಿಂದ ಕ್ರಯವಿಕ್ರಯ ನಡೆಸಿ ಧನವನ್ನು ಬೆಳಸುವುದು, ವೆಚ್ಚವನ್ನು ತಗ್ಗಿಸುವುದು ಅವಳಿಗೆ ಸೇರಿದ್ದು. ವಿರಹಿಣಿಯೆಂದರೆ ಕಣ್ಣೀರಿಡುತ್ತ ಕಿಟಕಿಯ ಬಳಿ ಕುಳಿತವಳೆಂದು ಕಾವ್ಯಗಳಿಂದ ಕಲಿತವರಿಗೆ ಈ ಚಿತ್ರವು ಹೊಸದಾಗಿ ತೋರಬಹುದು. ಶಾಸ್ತ್ರಕಾರನ ವಿರಹಿಣಿಯ ಕೈಯಲ್ಲಿ ಲೆಕ್ಕವಿದೆ. ಆ ಲೆಕ್ಕವೂ ಪ್ರೀತಿಯ ಒಂದು ರೂಪವೇ.

ಮನೆಯ ದುಡಿಮೆಯಲ್ಲಿ ಹೆಂಡತಿಯ ಪಾಲು ಇಷ್ಟಿರುವಾಗ, ಅವಳು ಮಾಡಿದ ಸಾಲಕ್ಕೆ ಹೊಣೆ ಯಾರು? ಸಾಮಾನ್ಯ ನಿಯಮದಂತೆ ಗಂಡನ ಸಾಲಕ್ಕೆ ಹೆಂಡತಿಯೂ ಹೆಂಡತಿಯ ಸಾಲಕ್ಕೆ ಗಂಡನೂ ಹೊಣೆಯಲ್ಲ. ಕುಟುಂಬಕ್ಕಾಗಿ ಮಾಡಿದ ಸಾಲವೊಂದು ಇದಕ್ಕೆ ಹೊರತು. ತಾನು ಒಪ್ಪಿಕೊಂಡದ್ದು, ಗಂಡನೊಡನೆ ಕೂಡಿ ಮಾಡಿದ್ದು, ತಾನೇ ಮಾಡಿದ್ದು, ಈ ಮೂರು ಬಗೆಯ ಸಾಲವನ್ನು ಹೆಂಡತಿಯು ತೀರಿಸಬೇಕು. ಇದರ ನಡುವೆ ಯಾಜ್ಞವಲ್ಕ್ಯನು ಒಂದು ವಿಶೇಷ ವಿಧಿಯನ್ನು ಹೇಳುತ್ತಾನೆ. ಗೋಪಾಲಕರು, ಹೆಂಡ ಮಾರುವವರು, ನಟರು, ಅಗಸರು, ಬೇಡರು, ಇವರ ಹೆಂಡಿರು ಮಾಡಿದ ಸಾಲವನ್ನು ಗಂಡಂದಿರು ತೀರಿಸಬೇಕು. ಏಕೆಂದರೆ ಇವರ ಜೀವನವು ಹೆಂಡಿರನ್ನು ಆಶ್ರಯಿಸಿದೆ.

ಇಲ್ಲಿ ವಿಜ್ಞಾನೇಶ್ವರನ ಸೂಕ್ಷ್ಮಬುದ್ಧಿಯು ಬೆಳಗುತ್ತದೆ. ಸ್ಮೃತಿಕಾರನು ಐದು ವೃತ್ತಿಗಳನ್ನು ಹೆಸರಿಸಿ ಸುಮ್ಮನಾಗಲಿಲ್ಲ, ಕಾರಣವನ್ನೂ ಹೇಳಿದ್ದಾನೆ. ಕಾರಣವನ್ನು ಹೇಳಿರುವುದರಿಂದ, ಬೇರೆ ಯಾರ ಜೀವನವು ಹೆಂಡಿರಿಗೆ ಅಧೀನವಾಗಿದೆಯೋ ಅವರೂ ಹೆಂಡಿರು ಮಾಡಿದ ಸಾಲವನ್ನು ತೀರಿಸಬೇಕೆಂದು ತಿಳಿಯಬೇಕು ಎಂಬುದು ಅವನ ನಿರ್ಣಯ. ಇದರಿಂದ ನಿಯಮವು ಜಾತಿಯನ್ನು ಬಿಟ್ಟು ದುಡಿಮೆಯನ್ನು ಹಿಡಿಯಿತು. ಹಾಲು ಮಾರುವವಳೂ ಬಟ್ಟೆ ಒಗೆಯುವವಳೂ ತಮ್ಮ ಕೈಯಿಂದ ಮಾಡಿದ ಸಾಲವು ಮನೆಯ ಸಾಲವಾಯಿತು. ಅವಳ ಕೈಯೇ ಮನೆಯ ಕೈಯಾಯಿತು. ಒಬ್ಬ ಪಾಲುಗಾರನು ಮಾಡಿದ ವ್ಯವಹಾರಕ್ಕೆ ಉಳಿದವರು ಬದ್ಧರಾಗುವುದು ಪಾಲುಗಾರಿಕೆಯ ಮುಖ್ಯ ಲಕ್ಷಣಗಳಲ್ಲೊಂದು. ಹೆಂಡತಿಯನ್ನು ಪಾಲುಗಾರಳೆಂದು ಎಲ್ಲಿಯೂ ಕರೆಯದ ಶಾಸ್ತ್ರವು, ದುಡಿಮೆಯ ನಿಜಸ್ಥಿತಿಯನ್ನು ಕಂಡು, ಹೆಸರಿಲ್ಲದೆಯೇ ಆ ಸ್ಥಾನವನ್ನು ಅವಳಿಗೆ ಕೊಡಬೇಕಾಯಿತು. ಈ ಮನ್ನಣೆಯು ದೊರೆತದ್ದು ಅರಮನೆಯ ರಾಣಿಯರಿಗಲ್ಲ, ಸಿರಿವಂತ ಸೆಟ್ಟಿಯ ಹೆಂಡತಿಗಲ್ಲ. ದಿನವೂ ದುಡಿದು ತಿನ್ನುವವರ ಹೆಂಡಿರಿಗೆ ಎಂಬುದನ್ನು ಗಮನಿಸಬೇಕು.

ಹೊರಗಿನವರೊಡನೆ ಆಗುವ ಸಾಲದ ಮಾತು ಇದಾದರೆ, ಗಂಡಹೆಂಡಿರ ನಡುವಣ ಸಾಲದ ಮಾತು ಬೇರೆ. ಅಣ್ಣತಮ್ಮಂದಿರು, ದಂಪತಿಗಳು, ತಂದೆಮಕ್ಕಳು, ಇವರು ಅವಿಭಕ್ತರಾಗಿರುವಾಗ ಒಬ್ಬರಿಗೊಬ್ಬರು ಸಾಲ ಕೊಡುವುದಾಗಲಿ, ಜಾಮೀನು ನಿಲ್ಲುವುದಾಗಲಿ, ಸಾಕ್ಷಿ ಹೇಳುವುದಾಗಲಿ ಇಲ್ಲವೆಂದು ಸ್ಮೃತಿಯ ವಿಧಿ. ಧನವು ಸಾಧಾರಣವಾಗಿರುವುದೇ, ಎಂದರೆ ಎಲ್ಲರಿಗೂ ಸೇರಿದುದಾಗಿರುವುದೇ, ಇದಕ್ಕೆ ಕಾರಣವೆಂದು ಮಿತಾಕ್ಷರೆಯು ವಿವರಿಸುತ್ತದೆ. ಒಂದೇ ಚೀಲದಲ್ಲಿರುವ ಹಣವನ್ನು ಬಲಗೈ ಎಡಗೈಗೆ ಸಾಲ ಕೊಟ್ಟಿತೆನ್ನುವುದು ಹೇಗೆ? ಆದರೆ ಪರಸ್ಪರಾನುಮತಿಯಿದ್ದರೆ ಅವಿಭಕ್ತರಲ್ಲಿಯೂ ಇವು ಆಗಬಹುದೆಂದು ವಿಜ್ಞಾನೇಶ್ವರನು ಸೇರಿಸುತ್ತಾನೆ. ಎಂದರೆ ನಂಬಿಕೆಯಿರುವಲ್ಲಿ ಲೆಕ್ಕವು ನಿಷಿದ್ಧವಲ್ಲ. ನಂಬಿಕೆಯನ್ನು ಮುರಿದು ಬರುವ ಲೆಕ್ಕವು ಮಾತ್ರ ನಿಷಿದ್ಧ.

ಅವಿಭಕ್ತರೆಂಬ ಮಾತನ್ನು ದಂಪತಿಗಳಿಗೆ ಹೇಳಿದೊಡನೆ ಒಂದು ಆಕ್ಷೇಪವು ಏಳುತ್ತದೆ. ಗಂಡಹೆಂಡಿರಲ್ಲಿ ವಿಭಾಗವೇ ಇಲ್ಲವೆಂದು ಆಪಸ್ತಂಬನು ಸಾರಿರುವಾಗ, ಅವರು ವಿಭಕ್ತರಾಗುವ ಸಂಭವವಾದರೂ ಎಲ್ಲಿ? ಇದಕ್ಕೆ ಮಿತಾಕ್ಷರೆಯು ಕೊಡುವ ಸಮಾಧಾನವು ಹೀಗಿದೆ. ವಿವಾಹಾಗ್ನಿಯಲ್ಲಿ ಮಾಡುವ ಕರ್ಮಗಳಲ್ಲಿಯೂ ಅವುಗಳ ಪುಣ್ಯಫಲದಲ್ಲಿಯೂ ದಂಪತಿಗಳಿಗೆ ವಿಭಾಗವಿಲ್ಲ. ದ್ರವ್ಯದಲ್ಲಿ ಇಲ್ಲವೆಂದು ಆ ವಚನದ ಅರ್ಥವಲ್ಲ. ಆದರೂ ದ್ರವ್ಯದಲ್ಲಿ ಹೆಂಡತಿಗೆ ಸ್ವಾಮ್ಯವುಂಟು. ಏಕೆಂದರೆ ಗಂಡನು ಪ್ರವಾಸದಲ್ಲಿರುವಾಗ ಅವಳು ಅಗತ್ಯವಾದ ದಾನಮಾಡಿದರೆ ಅದು ಕಳವಲ್ಲವೆಂದು ಆಪಸ್ತಂಬನೇ ಹೇಳಿದ್ದಾನೆ. ತನ್ನದಲ್ಲದುದನ್ನು ಕೊಟ್ಟರೆ ಕಳವಾಗದೆ ಇರದು. ಕಳವಲ್ಲವೆಂದಮೇಲೆ ಅದು ಅವಳದೂ ಹೌದು. ಇಷ್ಟು ದೂರ ತರ್ಕವು ಹೆಂಡತಿಯ ಕೈಹಿಡಿದು ನಡೆಸುತ್ತದೆ. ಕೊನೆಯ ಹೆಜ್ಜೆಯಲ್ಲಿ ಕೈಬಿಡುತ್ತದೆ: ಗಂಡನ ಇಚ್ಛೆಯಿಂದ ಹೆಂಡತಿಗೂ ದ್ರವ್ಯವಿಭಾಗವಾಗುತ್ತದೆ, ಅವಳ ಸ್ವೇಚ್ಛೆಯಿಂದ ಆಗದು ಎಂಬುದು ಸಿದ್ಧಾಂತ.

ವರ್ತಕರ ಕೂಟಕ್ಕೂ ದಂಪತಿಗಳ ಕೂಟಕ್ಕೂ ಇರುವ ಭೇದದ ಮರ್ಮವು ಈ ಸಿದ್ಧಾಂತದಲ್ಲಿದೆ. ಪಾಲುಗಾರನಿಗೆ ಸ್ವಾಮ್ಯವಿದೆ, ಲೆಕ್ಕ ಕೇಳುವ ಅಧಿಕಾರವಿದೆ, ವಂಚಕನನ್ನು ಹೊರಹಾಕುವ ಅಧಿಕಾರವಿದೆ. ಹೆಂಡತಿಗೆ ಸ್ವಾಮ್ಯವಿದೆ, ಆ ಸ್ವಾಮ್ಯವನ್ನು ಬೇರ್ಪಡಿಸಿ ಕೈಗೆ ತೆಗೆದುಕೊಳ್ಳುವ ಬೀಗದಕೈ ಗಂಡನಲ್ಲಿದೆ. ಶಾಸ್ತ್ರವು ಇದರ ಕಾಠಿಣ್ಯವನ್ನು ಅಲ್ಲಲ್ಲಿ ತಗ್ಗಿಸಲು ಯತ್ನಿಸಿತೆಂಬುದೂ ನಿಜ. ತಂದೆಯು ಮಕ್ಕಳಿಗೆ ಸಮನಾಗಿ ಪಾಲು ಹಂಚುವಾಗ, ಸ್ತ್ರೀಧನವನ್ನು ಪಡೆಯದ ಪತ್ನಿಯರಿಗೂ ಸಮಭಾಗ ಕೊಡಬೇಕು. ಆಜ್ಞೆಯನ್ನು ನಡೆಸುವ, ದಕ್ಷಳಾದ, ಪುತ್ರವತಿಯಾದ, ಪ್ರಿಯವಾದಿನಿಯಾದ ಹೆಂಡತಿಯನ್ನು ತ್ಯಜಿಸಿದವನಿಂದ ಅವಳಿಗೆ ಧನದ ಮೂರನೆಯ ಒಂದು ಪಾಲನ್ನು ಕೊಡಿಸಬೇಕು. ಅವನು ನಿರ್ಧನನಾದರೆ ಜೀವನಾಂಶವನ್ನಾದರೂ ಕೊಡಿಸಬೇಕು. ಸ್ತ್ರೀಧನವು ಅವಳದೇ ಆದರೂ, ಬರಗಾಲದಲ್ಲಿ, ಧರ್ಮಕಾರ್ಯದಲ್ಲಿ, ರೋಗದಲ್ಲಿ, ಸೆರೆಯಲ್ಲಿ ಸಿಕ್ಕಿದಾಗ ಗಂಡನು ತೆಗೆದುಕೊಂಡದ್ದನ್ನು ಹಿಂದಕ್ಕೆ ಕೊಡಬೇಕಾಗಿಲ್ಲ. ಕಷ್ಟದಲ್ಲಿ ಒದಗಿದ ಹಣವು ಸಾಲವಲ್ಲವೆಂಬುದು ಪ್ರೀತಿಯ ನ್ಯಾಯ. ಆದರೆ ವಿಪತ್ತಿನಲ್ಲಿ ಸರಕನ್ನು ಉಳಿಸಿದ ವರ್ತಕನಿಗೆ ಹತ್ತನೆಯ ಪಾಲು ಬಹುಮಾನವಿದ್ದಿತು. ವಿಪತ್ತಿನಲ್ಲಿ ತನ್ನ ಒಡವೆಯಿಂದ ಮನೆಯನ್ನು ಉಳಿಸಿದ ಹೆಂಡತಿಗೆ ಈ ವಚನದಲ್ಲಿ ಅಂಥ ಬಹುಮಾನದ ಮಾತಿಲ್ಲ.

ಇನ್ನು ವಿವಾದದ ಮಾತು. ಮನುನಾರದರು ಸ್ತ್ರೀಪುಂಸಯೋಗವೆಂಬ ವಿವಾದಪದವನ್ನು ಬೇರೆಯಾಗಿ ವಿವರಿಸಿದ್ದರೂ ಯಾಜ್ಞವಲ್ಕ್ಯನು ವ್ಯವಹಾರಾಧ್ಯಾಯದಲ್ಲಿ ಅದನ್ನು ಹೇಳಲಿಲ್ಲ. ಇದನ್ನು ಗಮನಿಸಿದ ವಿಜ್ಞಾನೇಶ್ವರನು, ಗಂಡಹೆಂಡಿರು ಅರಸನ ಎದುರಿನಲ್ಲಿ ವಾದಿಪ್ರತಿವಾದಿಗಳಾಗಿ ನಿಲ್ಲುವುದು ನಿಷಿದ್ಧವೆಂದು ಒಪ್ಪುತ್ತಾನೆ. ಆದರೂ ಅವರು ಒಬ್ಬರಿಗೊಬ್ಬರು ತಪ್ಪಿ ನಡೆದದ್ದು ಪ್ರತ್ಯಕ್ಷವಾಗಿಯೋ ಕರ್ಣಪರಂಪರೆಯಿಂದಲೋ ತಿಳಿದುಬಂದರೆ, ಅರಸನು ದಂಡಾದಿಗಳಿಂದ ಅವರನ್ನು ಧರ್ಮಮಾರ್ಗದಲ್ಲಿ ನಿಲ್ಲಿಸಬೇಕೆನ್ನುತ್ತಾನೆ. ಪ್ರೀತಿಯ ಮನೆಗೆ ನ್ಯಾಯಾಲಯದ ಬಾಗಿಲು ಮುಚ್ಚಿದ್ದರೂ ಕಿಟಕಿಯೊಂದು ತೆರೆದಿರಬೇಕೆಂದು ಅವನಿಗೆ ತೋರಿರಬೇಕು. ಬಾಗಿಲು ಮುಚ್ಚಿದ ಮನೆಯಲ್ಲಿ ದುರ್ಬಲರ ಕೂಗು ಅಡಗಿಹೋಗಬಹುದೆಂಬ ಅರಿವು ಇದರಲ್ಲಿದೆ.

ಮಿತಾಕ್ಷರೆಯು ಹುಟ್ಟಿದ ಅದೇ ಕಲ್ಯಾಣದಲ್ಲಿ, ಹನ್ನೆರಡನೆಯ ಶತಮಾನದ ಮಧ್ಯಭಾಗದಲ್ಲಿ, ಬಸವಣ್ಣನವರ ಸುತ್ತ ನೆರೆದ ಶರಣರು ಕಾಯಕದ ಧರ್ಮವನ್ನು ಸಾರಿದರು. ದಂಪತಿಗಳ ದುಡಿಮೆಯನ್ನು ಕುರಿತು ಶಾಸ್ತ್ರವು ಹೇಳದೆ ಬಿಟ್ಟ ಮಾತು ಅವರ ಪರಂಪರೆಯ ಒಂದು ಕಥೆಯಲ್ಲಿ ಕೇಳಿಬರುತ್ತದೆ. ಆಯ್ದಕ್ಕಿ ಮಾರಯ್ಯನು ಚೆಲ್ಲಿದ ಅಕ್ಕಿಯನ್ನು ಆಯ್ದು ತರುವವನು. ಹೆಂಡತಿ ಲಕ್ಕಮ್ಮನು ಅದನ್ನು ಅಟ್ಟು ಜಂಗಮರಿಗೆ ನೀಡುವವಳು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಇದು ತಮ್ಮ ಕಾಯಕಕ್ಕೆ ಸಲ್ಲುವುದಲ್ಲವೆಂದು ಅವಳು ಒಪ್ಪದೆ, ಹೆಚ್ಚಿನದನ್ನು ತಂದಲ್ಲಿಯೇ ಸುರಿದುಬರುವಂತೆ ಕಳುಹಿಸಿದಳು. ವರ್ತಕರ ಕೂಟದಲ್ಲಿ ಪಾಲುಗಾರನು ಕೇಳುವ ಲೆಕ್ಕವು ಕೊರತೆಯದು. ಲಕ್ಕಮ್ಮನು ಕೇಳಿದ ಲೆಕ್ಕವು ಹೆಚ್ಚಳದ್ದು. ಲಾಭವು ಕಡಿಮೆಯಾಯಿತೆಂದು ಅವಳು ಮುನಿಯಲಿಲ್ಲ. ಇಬ್ಬರೂ ಕೂಡಿ ಮಾಡಿದ ಸಂಕಲ್ಪಕ್ಕೆ ಒಬ್ಬನು ತಪ್ಪಿದನೆಂದು ಕೇಳಿದಳು. ಬೇಡವೆಂದುದನ್ನು ಮಾಡಿದ ಪಾಲುಗಾರನು ಹೊಣೆಗಾರನೆಂಬ ವರ್ತಕಧರ್ಮವು ಇಲ್ಲಿ ದಂಪತಿಗಳಿಗೂ ಸಂದಿತು. ಕೇಳಿದವಳು ಹೆಂಡತಿ, ತಲೆಬಾಗಿ ನಡೆದವನು ಗಂಡ. ಅವಳ ವಚನಗಳ ಅಂಕಿತದಲ್ಲಿ ಗಂಡನ ಹೆಸರು ಸೇರಿದೆ. ಆ ವಚನಗಳಲ್ಲಿಯೇ ಅವಳು ಗಂಡನನ್ನು ತಿದ್ದುತ್ತಾಳೆ. ಪ್ರೀತಿಗೂ ಲೆಕ್ಕಕ್ಕೂ ವಿರೋಧವಿಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಕಾಗದು. ಶೂನ್ಯಸಂಪಾದನೆಯು ಈ ದಂಪತಿಗಳ ಪ್ರಸಂಗವನ್ನು ಸೇರಿಸಿಕೊಂಡದ್ದು ಉಚಿತವಾಗಿಯೇ ಇದೆ.

ಎಂಟು ಶತಮಾನಗಳ ತರುವಾಯ ಈ ಪ್ರಶ್ನೆಯು ಬೇರೊಂದು ಭಾಷೆಯಲ್ಲಿ ಮತ್ತೆ ತಲೆಯೆತ್ತಿತು. ೧೯೩೨ರ ಭಾರತೀಯ ಪಾಲುಗಾರಿಕೆ ಅಧಿನಿಯಮದ ಐದನೆಯ ಕಲಮು, ಪಾಲುಗಾರಿಕೆಯು ಒಪ್ಪಂದದಿಂದ ಹುಟ್ಟುವುದೇ ಹೊರತು ಸ್ಥಾನಮಾನದಿಂದಲ್ಲ ಎಂದು ವಿಧಿಸಿತು. ಅದಕ್ಕೆ ನಿದರ್ಶನವಾಗಿ, ಮನೆತನದ ವ್ಯಾಪಾರವನ್ನು ನಡೆಸುವ ಹಿಂದೂ ಅವಿಭಕ್ತ ಕುಟುಂಬದವರೂ, ವ್ಯಾಪಾರ ನಡೆಸುವ ಬರ್ಮಾ ದೇಶದ ಬೌದ್ಧ ದಂಪತಿಗಳೂ ಆ ಕಾರಣಮಾತ್ರದಿಂದ ಪಾಲುಗಾರರಲ್ಲವೆಂದು ಹೇಳಿತು. ಬರ್ಮಾ ದೇಶವು ಆಗ ಬ್ರಿಟಿಷ್ ಇಂಡಿಯಾದ ಭಾಗವಾಗಿದ್ದಿತು, ೧೯೩೭ರಲ್ಲಿ ಬೇರ್ಪಟ್ಟಿತು. ಅಂಗಡಿಯಲ್ಲಿ ಜೊತೆಯಾಗಿ ಕುಳಿತ ಗಂಡಹೆಂಡಿರನ್ನು ಕಂಡು ಇವರು ಪಾಲುಗಾರರೇ ಎಂಬ ಸಂಶಯವು ಹುಟ್ಟುವುದರಿಂದಲೇ ಅಲ್ಲವೆನ್ನುವ ಅಗತ್ಯವು ಬಿದ್ದಿತು. ಅದೇ ಅಧಿನಿಯಮದ ಒಂಬತ್ತನೆಯ ಕಲಮು ಪಾಲುಗಾರರು ಎಲ್ಲರ ಹಿತಕ್ಕಾಗಿ ದುಡಿಯಬೇಕು, ಒಬ್ಬರಿಗೊಬ್ಬರು ನ್ಯಾಯವಾಗಿಯೂ ನಿಷ್ಠೆಯಿಂದಲೂ ಇರಬೇಕು, ನಿಜವಾದ ಲೆಕ್ಕವನ್ನು ಒಪ್ಪಿಸಬೇಕು ಎಂದು ವಿಧಿಸುತ್ತದೆ. ವಿವಾಹಮಂಟಪದಲ್ಲಿ ಹೇಳಿದರೂ ಈ ಮಾತುಗಳು ಅಸಂಗತವಾಗಲಾರವು. ಇನ್ನು ಮಿತಾಕ್ಷರೆಯು ಕಟ್ಟಿದ ಗಂಟನ್ನು, ಎಂದರೆ ಸ್ವಾಮ್ಯವಿದ್ದೂ ಸ್ವಾತಂತ್ರ್ಯವಿಲ್ಲದ ಸ್ಥಿತಿಯನ್ನು, ೧೯೫೬ರ ಹಿಂದೂ ಉತ್ತರಾಧಿಕಾರ ಅಧಿನಿಯಮದ ಹದಿನಾಲ್ಕನೆಯ ಕಲಮು ಬಹುಮಟ್ಟಿಗೆ ಬಿಡಿಸಿತು. ಹಿಂದೂ ಸ್ತ್ರೀಯ ವಶದಲ್ಲಿರುವ ಸ್ವತ್ತು ಸಾಮಾನ್ಯವಾಗಿ ಅವಳಿಗೆ ಪೂರ್ಣ ಸ್ವಾಮ್ಯದ ಸ್ವತ್ತೆಂದು ಗೊತ್ತುಮಾಡಿತು.

ಮೇಲಿನ ಪರ್ಯಾಲೋಚನೆಯಿಂದ ಸಿದ್ಧವಾಗುವುದಿಷ್ಟು. ವ್ಯಾಪಾರದ ಕೂಟವೂ ಅನುರಾಗದ ಕೂಟವೂ ತನ್ನದನ್ನು ಇನ್ನೊಬ್ಬರ ಕೈಯಲ್ಲಿಡುವ ಧೈರ್ಯದಿಂದ ಹುಟ್ಟುತ್ತವೆ. ಪರೀಕ್ಷೆ, ಸತ್ಯಕಥನ, ಲಾಭನಷ್ಟಗಳ ಸಹಭೋಗ, ವಿಪತ್ತಿನಲ್ಲಿ ಒದಗುವಿಕೆ, ಇವು ಎರಡಕ್ಕೂ ಸಮಾನ. ವರ್ತಕರು ನಂಬಿದರು, ನಂಬಿಕೆಯನ್ನು ಉಳಿಸಿಕೊಳ್ಳಲು ಲೆಕ್ಕವನ್ನೂ ಇಟ್ಟರು. ದಂಪತಿಗಳಲ್ಲಿಯಾದರೋ ನಂಬಿಕೆಯ ಹೆಸರಿನಲ್ಲಿ ಲೆಕ್ಕವನ್ನು ಒಬ್ಬರ ಕೈಗೆ ಬಿಡಲಾಯಿತು. ಅಗಸಗಿತ್ತಿಯ ಸಾಲವನ್ನು ಮನೆಯ ಸಾಲವೆಂದು ಒಪ್ಪಿದ ವ್ಯಾಖ್ಯಾನಕಾರನೂ, ಹೆಚ್ಚಿನ ಅಕ್ಕಿಯನ್ನು ಹಿಂದಕ್ಕೆ ಕಳುಹಿಸಿದ ಶರಣೆಯೂ, ಆ ವಿಷಮತೆಯನ್ನು ತಮ್ಮ ತಮ್ಮ ರೀತಿಯಲ್ಲಿ ತಿದ್ದಿದವರು. ಒಬ್ಬನು ದುಡಿಮೆಯಿಂದ ಹೊಣೆಯನ್ನು ಅಳೆದನು. ಇನ್ನೊಬ್ಬಳು ಸಂಕಲ್ಪದಿಂದ ಲಾಭವನ್ನು ಅಳೆದಳು. ಇಬ್ಬರೂ ಒಂದೇ ಊರಿನ ಕೀರ್ತಿಗೆ ಸೇರಿದವರೆಂಬುದು ಕನ್ನಡ ನಾಡಿನ ಚರಿತ್ರೆಯಲ್ಲಿ ಸ್ಮರಣೀಯವಾದ ವಿಷಯವು.